ಕೆಮ್ಮಣ್ಣು ಮೆತ್ತಿದ ತುಟಿ

2023ರ ಬೇಸಿಗೆ. ಸರ್ಕಾರಿ ಸೇವೆಯಿಂದ ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಮಧುಗಿರಿಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಚರ್ಮರೋಗ ತಜ್ಞೆಯಾಗಿ ವಾರಕ್ಕೆ ನಾಲ್ಕು ದಿನ ಕೂರುತ್ತಿದ್ದೆ. ಆಸ್ಪತ್ರೆ ಚಿಕ್ಕದು, ಕಣ್ಣಿನ ಪೊರೆ ತೆಗೆಯುವುದಕ್ಕೆ ಹೆಸರಾದದ್ದು. ಕಾರಿಡಾರಿನ ಕೊನೆಯ ಕೋಣೆಯಲ್ಲಿ ನಾನು, ನನ್ನ ಭೂತಗನ್ನಡಿ ಮತ್ತು ಶಿರಾದಿಂದ ದಿನವೂ ಬಸ್ಸಿನಲ್ಲಿ ಬರುವ ಶಬೀನಾ ಸಿಸ್ಟರ್. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನ ಕಜ್ಜಿ, ಹುಳುಕಡ್ಡಿ, ತೊನ್ನು, ಕುಷ್ಠ ನೋಡುತ್ತ ನನ್ನ ವೃತ್ತಿಜೀವನ ಕಳೆದಿದೆ. ತುಟಿ ದಪ್ಪ ಮಾಡುವ ಚಿಕಿತ್ಸೆಗೂ ನನಗೂ ಸಂಬಂಧವೇ ಇರಲಿಲ್ಲ.

ಸಂಬಂಧ ಇದ್ದದ್ದು ಡಾ. ಸಹನಾಗೆ. ಅವಳ ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವಳ ಮೇಲೆ ನನಗಿದ್ದ ಹೊಟ್ಟೆಕಿಚ್ಚನ್ನು ಬಿಟ್ಟು ಈ ಕೇಸಿನ ಕತೆ ಹೇಳಲು ಬರುವುದಿಲ್ಲ. ಗ್ರಾಮೀಣ ಸೇವೆಯ ಅವಧಿಯಲ್ಲಿ ಒಂದು ವರ್ಷ ನನ್ನ ಕೈಕೆಳಗೆ ಕೆಲಸ ಮಾಡಿದ ಹುಡುಗಿ. ಕುಷ್ಠದ ಮಚ್ಚೆಯ ಮೇಲೆ ಹತ್ತಿ ಸವರಿ ಸ್ಪರ್ಶ ಪರೀಕ್ಷೆ ಮಾಡುವುದನ್ನು ಅವಳ ಕೈ ಹಿಡಿದು ಕಲಿಸಿದವಳು ನಾನು. ಆಮೇಲೆ ಅವಳು ಎಂ.ಡಿ. ಮುಗಿಸಿ ಬಂದು ಶಿರಾದಲ್ಲಿ ಗಾಜಿನ ಬಾಗಿಲಿನ ಕ್ಲಿನಿಕ್ ತೆರೆದಳು. ಎರಡೇ ವರ್ಷದಲ್ಲಿ ನನ್ನ ಹಳೆಯ ರೋಗಿಗಳು ಕೂಡ ನನ್ನೆದುರೇ ಕೂತು, "ಸಹನಾ ಮೇಡಂ ಹಿಂಗಂದ್ರು" ಎನ್ನತೊಡಗಿದರು. ನನ್ನ ಸ್ವಂತ ತಂಗಿಯ ಮಗಳು ಮೊಡವೆಗೆ ಅವಳ ಹತ್ತಿರ ಹೋಗಿಬಂದಳು. ಮನೆಯಲ್ಲಿ ನಾನಿದ್ದೆ, ಬಿಟ್ಟಿ ಸಲಹೆಗೆ ಸಿದ್ಧಳಾಗಿ!

ಅವಳು ಫೋನಿನಲ್ಲಿ ಚರ್ಮದ ಚಿಕಿತ್ಸೆಯ ಬಗ್ಗೆ ಕನ್ನಡದ ವಿಡಿಯೋಗಳನ್ನು ಹಾಕುತ್ತಿದ್ದಳು. ಜನ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ, ಒಂದನ್ನೂ ಬಿಡದೆ, ಬಾಗಿಲು ಹಾಕಿಕೊಂಡು. ಕಲಿಯಲಿಕ್ಕಲ್ಲ, ತಪ್ಪು ಹುಡುಕಲಿಕ್ಕೆ. ಅದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೆ. ಅವಳು ಹೇಳಿದ್ದನ್ನು ಎಡಗಡೆ ಬರೆದು, ತಪ್ಪೇನಾದರೂ ಸಿಕ್ಕರೆ ಬರೆಯಲು ಬಲಗಡೆಯ ಪುಟ ಖಾಲಿ ಬಿಡುತ್ತಿದ್ದೆ. ಎಡಪುಟಗಳು ತುಂಬಿದವು. ಬಲಪುಟಗಳಲ್ಲಿ ಒಂದೆರಡು ಕಡೆ ಉಚ್ಚಾರಣೆಯ ಬಗ್ಗೆ ಕೊಂಕು ಬಿಟ್ಟರೆ ಏನೂ ಇಲ್ಲ. ಅರವತ್ತು ದಾಟಿದ ಹೆಂಗಸು ಮಾಡುವ ಕೆಲಸವಾ ಇದು ಎಂದು ಯಾರಾದರೂ ಕೇಳಬಹುದು. ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಆ ಬೇಸಿಗೆಯ ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಪಾವಗಡ ತಾಲ್ಲೂಕಿನ ರಾಯಚರ್ಲಿನಿಂದ ಇಬ್ಬರು ಬಂದರು. ಮುಂದೆ ಅತ್ತೆ ಗಂಗಮ್ಮ, ಅರವತ್ತರ ಆಸುಪಾಸು, ಗಟ್ಟಿ ದನಿ. ಹಿಂದೆ ಸೊಸೆ ಅನಿತಾ, ಇಪ್ಪತ್ತಾರು ವರ್ಷ, ಸೆರಗಿನಿಂದ ಮುಖದ ಅರ್ಧ ಮುಚ್ಚಿಕೊಂಡಿದ್ದಳು. ಸೋಲಾರ್ ಪಾರ್ಕಿನಲ್ಲಿ ಕೆಟ್ಟುಹೋದ ಪ್ಯಾನಲ್‌ಗಳ ನಂಬರು ಬರೆದಿಡುವ ಕೆಲಸ ಅವಳದು. ಸೆರಗು ಸರಿಸಿದಾಗ ಕಂಡದ್ದು ಕೆಂಪು ಮಣ್ಣು. ಮೇಲ್ದುಟಿಯ ಎಡಭಾಗದಿಂದ ಮೂಗಿನ ಹೊಳ್ಳೆಯ ತನಕ ದಪ್ಪಗೆ ಕೆಮ್ಮಣ್ಣು ಮೆತ್ತಿ, ಅದರ ಮೇಲೆ ಕಡ್ಡಿಯಿಂದ ಹಾವಿನ ಆಕಾರ ಗೀರಿದ್ದರು. ಅದರ ಕೆಳಗೆ ತುಟಿ ಊದಿಕೊಂಡಿರುವುದು ಮಾತ್ರ ಗೊತ್ತಾಗುತ್ತಿತ್ತು.

"ಸರ್ಪಸುತ್ತು ಕಣಮ್ಮ," ಎಂದರು ಗಂಗಮ್ಮ. "ನಿನ್ನೆ ಸಂಜೆ ನಾನೇ ಹಾಕಿವ್ನಿ. ನಮ್ಮೂರ್ನಾಗೆ ಯಾರಿಗೆ ಸರ್ಪಸುತ್ತು ಬಂದ್ರೂ ನನ್ ತಾವ್ಕೇ ಬರಾದು. ನೋವು ಜಾಸ್ತಿ ಅಂತ ಒಂದೇ ಸಮ ಅಳ್ತಾವ್ಳೆ. ಒಂದು ನೋವಿನ ಸೂಜಿ ಕೊಟ್ಬುಡಿ, ಸಾಕು."

ಸರ್ಪಸುತ್ತು ಎಂದರೆ ಹರ್ಪಿಸ್ ಜೋಸ್ಟರ್ ಎಂಬ ವೈರಸ್ ರೋಗ. ನರದ ದಾರಿಯಲ್ಲೇ, ಮೈಯ ಒಂದೇ ಮಗ್ಗುಲಲ್ಲಿ, ಗುಳ್ಳೆಗಳು ಸಾಲಾಗಿ ಏಳುತ್ತವೆ. ನಮ್ಮ ಕಡೆ ಅದಕ್ಕೆ ಕೆಮ್ಮಣ್ಣು ಅರೆದು ಹಚ್ಚಿ, ಹಾವಿನ ಚಿತ್ರ ಬರೆದು, ಮೂರು ದಿನ ನೀರು ಸೋಕಿಸದೆ ಬಿಡುತ್ತಾರೆ. ಹಾವಿನ ತಲೆ ಬಾಲ ಕೂಡಿಕೊಂಡರೆ ಮನುಷ್ಯ ಉಳಿಯುವುದಿಲ್ಲ ಎಂಬ ನಂಬಿಕೆ. ನಾನು ಇದನ್ನು ನೂರಾರು ಸಲ ನೋಡಿದ್ದರಿಂದ ಗಾಬರಿಯಾಗಲಿಲ್ಲ.

ಅಷ್ಟರಲ್ಲಿ ಅನಿತಾ ಅತ್ತೆಯ ಬೆನ್ನ ಹಿಂದಿನಿಂದ ಒಂದು ಮಡಿಸಿದ ಚೀಟಿಯನ್ನು ನನ್ನ ಕೈಗೆ ತುರುಕಿದಳು. ಕಣ್ಣಿನಲ್ಲೇ ಏನೋ ಬೇಡಿಕೊಂಡಳು. ಬಿಡಿಸಿ ನೋಡಿದೆ. ಮೇಲುಗಡೆ ಸಹನಾಳ ಕ್ಲಿನಿಕ್ಕಿನ ಹೆಸರು. ಅದರ ಕೆಳಗೆ ಅವಳದೇ ಮುತ್ತಿನಂಥ ಅಕ್ಷರದಲ್ಲಿ, "ತುಟಿಗೆ ಫಿಲ್ಲರ್."

ನನಗೆ ಆಗ ಆದದ್ದು ಸಂತೋಷ. ಇದನ್ನು ಮುಚ್ಚಿಡುವುದಿಲ್ಲ. ಎದುರಿಗೆ ನೋವಿನಿಂದ ನರಳುತ್ತಿರುವ ಹೆಣ್ಣುಮಗಳು ನಿಂತಿದ್ದಾಳೆ, ನನ್ನ ಎದೆ ಮಾತ್ರ ಕುಣಿಯುತ್ತಿದೆ. ಸಹನಾ ಸಿಕ್ಕಿಬಿದ್ದಳು ಎಂದುಕೊಂಡೆ. ಗಾಜಿನ ಬಾಗಿಲು, ವಿಡಿಯೋ, ನಗುಮುಖ, ಎಲ್ಲದಕ್ಕೂ ಉತ್ತರ ನನ್ನ ಕೋಣೆಗೇ ನಡೆದು ಬಂದಿದೆ.

ಫಿಲ್ಲರ್ ಎಂದರೇನು ಎಂದು ಇಲ್ಲಿ ಸ್ವಲ್ಪ ಹೇಳಬೇಕು. ಹಯಲುರಾನಿಕ್ ಆಸಿಡ್ ನಮ್ಮ ಚರ್ಮದಲ್ಲೇ ಇರುವ, ನೀರು ಹಿಡಿದಿಡುವ ವಸ್ತು. ಅದನ್ನು ಜೆಲ್ ಮಾಡಿ, ಸಣ್ಣ ಸೂಜಿಯಿಂದ ತುಟಿಯೊಳಗೆ ತುಂಬುತ್ತಾರೆ. ಒಂದು ಸಿರಿಂಜ್‌ನಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರ್ ಇರುತ್ತದೆ. ಕೆಲವು ತಿಂಗಳಲ್ಲಿ, ಹೆಚ್ಚೆಂದರೆ ಒಂದು ವರ್ಷದ ಆಸುಪಾಸಿನಲ್ಲಿ, ಕರಗಿಹೋಗುತ್ತದೆ. ಬಲ್ಲವರು ಮಾಡಿದರೆ ಎರಡು ಮೂರು ದಿನ ಊತ, ಒಂದಿಷ್ಟು ಕಂದುಗಟ್ಟುವುದು, ಅಷ್ಟೇ. ಆದರೆ ತುಟಿಯ ತುಂಬ ರಕ್ತನಾಳಗಳಿವೆ. ಜೆಲ್ ಯಾವುದಾದರೂ ನಾಳದೊಳಗೆ ಹೋದರೆ ಅಥವಾ ನಾಳವನ್ನು ಹೊರಗಿನಿಂದ ಅದುಮಿದರೆ, ಮುಂದಿನ ಚರ್ಮಕ್ಕೆ ರಕ್ತ ಹೋಗುವುದಿಲ್ಲ. ಮೊದಲು ಬಿಳಿಚಿಕೊಳ್ಳುತ್ತದೆ, ಆಮೇಲೆ ಬಲೆಯಂತೆ ನೀಲಿ ಗೆರೆಗಳು ಮೂಡುತ್ತವೆ, ಎರಡನೇ ದಿನದ ಹೊತ್ತಿಗೆ ಸಣ್ಣ ಕೀವುಗುಳ್ಳೆಗಳು ಏಳಬಹುದು, ಕೊನೆಗೆ ಚರ್ಮ ಸತ್ತು ಕಪ್ಪಾಗಿ ಉದುರುತ್ತದೆ. ಆ ನಾಳದ ದಾರಿಯೂ ಒಂದೇ ಮಗ್ಗುಲು. ಹಾಗಾಗಿ ಮೇಲುನೋಟಕ್ಕೆ ಸರ್ಪಸುತ್ತಿನ ಹಾಗೇ ಕಾಣಿಸುತ್ತದೆ. ಗಂಗಮ್ಮ ಮಾಡಿದ ತಪ್ಪನ್ನು ಡಾಕ್ಟರುಗಳೂ ಮಾಡುತ್ತಾರೆ.

ಇವೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮೊದಲು ಮಾಡಿದ್ದು ಏನು? ಅವಳನ್ನು ಕೇಳದೆಯೇ ಫೋನಿನಲ್ಲಿ ಮುಖದ ನಾಲ್ಕು ಫೋಟೋ ತೆಗೆದುಕೊಂಡೆ. "ಹೊರಗೆ ಕೂತಿರು, ಕರೀತೀನಿ" ಎಂದು ಬೆಂಚಿಗೆ ಕಳಿಸಿದೆ. ಒಂದು ಬಿಳಿ ಹಾಳೆ ಎಳೆದುಕೊಂಡು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ದೂರು ಬರೆಯತೊಡಗಿದೆ. "ವಿಷಯ: ಡಾ. ಸಹನಾ ಅವರ ನಿರ್ಲಕ್ಷ್ಯದಿಂದ ಯುವತಿಯೊಬ್ಬರ ತುಟಿಗೆ ಆಗಿರುವ ಹಾನಿಯ ಬಗ್ಗೆ." ಹಾನಿ ಏನು ಎಂದು ಇನ್ನೂ ನೋಡಿರಲಿಲ್ಲ. ಮಣ್ಣಿನ ಕೆಳಗಿನ ಚರ್ಮಕ್ಕೆ ಬೆರಳು ಕೂಡ ಸೋಕಿಸಿರಲಿಲ್ಲ. ಆದರೂ ವಾಕ್ಯಗಳು ಸರಾಗವಾಗಿ ಬರುತ್ತಿದ್ದವು, ಅಷ್ಟು ಚೆನ್ನಾಗಿ ನಾನು ಯಾವ ಪತ್ರವನ್ನೂ ಬರೆದಿರಲಿಲ್ಲ. ಇಪ್ಪತ್ತು ನಿಮಿಷ ಹೀಗೆ ಹೋಯಿತು.

ಶಬೀನಾ ಸಿಸ್ಟರ್ ಮೇಜಿನ ಮೇಲಿದ್ದ ಚೀಟಿಯನ್ನು ಕೇಸ್ ಶೀಟಿಗೆ ಅಂಟಿಸಲು ಎತ್ತಿಕೊಂಡವಳು ಓದುತ್ತಾ ನಿಂತಳು. "ಅರೆ ಮೇಡಂ, ಇದ್ರಲ್ಲಿ ಬೇಡ ಅಂತ ಬರೆದವ್ರಲ್ಲ?"

"ಏನು ಬೇಡ?"

ಅವಳು ಜೋರಾಗಿ ಓದಿದಳು. "'ತುಟಿಗೆ ಫಿಲ್ಲರ್. ಈಗ ಬೇಡ. ತುಟಿಯ ಮೂಲೆಯಲ್ಲಿ ಜ್ವರದ ಗುಳ್ಳೆ ಇದೆ. ಸೀಮಂತಕ್ಕೆ ಐದೇ ದಿನ ಇದೆ, ಊತ ಇಳಿಯಲು ಸಮಯ ಸಾಲದು. ಗುಳ್ಳೆ ವಾಸಿಯಾದ ಮೇಲೆ, ಮೂರು ವಾರ ಬಿಟ್ಟು ಬನ್ನಿ. ಬೇರೆ ಎಲ್ಲೂ ಹಾಕಿಸಿಕೊಳ್ಳಬೇಡಿ.' ಕೆಳಗೆ ಗೆರೆನೂ ಎಳೆದವ್ರೆ."

ಮೊದಲ ಎರಡು ಪದ ಓದಿ ನಾನು ನಿಲ್ಲಿಸಿಬಿಟ್ಟಿದ್ದೆ. ಪೆನ್ನು ಕೆಳಗಿಟ್ಟೆ. ನಾಚಿಕೆಗಿಂತ ಮೊದಲು ನಿರಾಶೆಯಾಯಿತು ಎಂಬುದನ್ನೂ ಹೇಳಬೇಕು. ನಾಚಿಕೆ ಆಮೇಲೆ ಬಂತು, ಜೊತೆಗೆ ಹೆದರಿಕೆಯನ್ನೂ ಕರೆದುಕೊಂಡು.

ಅತ್ತೆಯನ್ನು ಹೊರಗೆ ಕೂರಿಸಿ ಅನಿತಾಳನ್ನು ಒಬ್ಬಳನ್ನೇ ಕರೆದೆ. ಬಾಗಿಲು ಹಾಕಿದ್ದೇ ತಡ ಅಳತೊಡಗಿದಳು. ಶನಿವಾರ ಸಹನಾ ಆಗುವುದಿಲ್ಲ ಎಂದ ಮೇಲೆ, ಅದೇ ಊರಿನಲ್ಲಿ ಮಹಡಿಯ ಮೇಲಿದ್ದ ಒಂದು ಪಾರ್ಲರ್‌ಗೆ ಹೋಗಿದ್ದಳು. ಎರಡು ದಿನದ ತರಬೇತಿ ಪಡೆದ ಹೆಂಗಸು ಸಂಜೆ ನಾಲ್ಕಕ್ಕೆ ಸೂಜಿ ಹಾಕಿದ್ದಳು. ಎಡಗಡೆ ಚುಚ್ಚಿದಾಗ ಕಣ್ಣು ಕತ್ತಲೆ ಬರುವಷ್ಟು ನೋವು, ತುಟಿ ಸುಣ್ಣದಂತೆ ಬಿಳಿಯಾಯಿತಂತೆ. ಅದು ಮಾಮೂಲು, ಐಸ್ ಇಟ್ಟುಕೋ ಎಂದಳಂತೆ. ಇವಳು ರಾತ್ರಿಯೆಲ್ಲ ಐಸ್ ಒತ್ತಿಕೊಂಡಿದ್ದಾಳೆ. ಮೊದಲೇ ರಕ್ತ ಹರಿಯದ ಜಾಗ, ತಣ್ಣಗಾದಷ್ಟೂ ನಾಳಗಳು ಇನ್ನಷ್ಟು ಮುದುಡುತ್ತವೆ. ಭಾನುವಾರ ಗೆರೆ ಮೂಡಿ, ಸಂಜೆಗೆ ಗುಳ್ಳೆ ಎದ್ದು, ಅತ್ತೆಯ ಕಣ್ಣಿಗೆ ಬಿದ್ದಿದೆ. ಫಿಲ್ಲರ್ ಎಂದು ಹೇಳುವ ಧೈರ್ಯವಿಲ್ಲದೆ ಸರ್ಪಸುತ್ತಿಗೆ ಹೂಂಗುಟ್ಟಿ ಮುಖ ಕೊಟ್ಟಿದ್ದಾಳೆ.

"ಯಾಕಮ್ಮ ಇಷ್ಟು ಅವಸರ?" ಎಂದೆ.

"ಗುರುವಾರ ನಮ್ಮ ವಾರಗಿತ್ತಿ ಸೀಮಂತ ಮೇಡಂ. ಅವ್ಳು ಬಂದಾಗಿಂದ ನಮ್ಮತ್ತೆ ಬಾಯಾಗೆ ಒಂದೇ ಮಾತು. ಚಿಕ್ಕೋಳು ನಕ್ರೆ ಮನೆ ತುಂಬ್ತದೆ, ಚಿಕ್ಕೋಳು ನಕ್ರೆ ಮನೆ ತುಂಬ್ತದೆ. ನಾನೂ ಏಳು ವರ್ಷದಿಂದ ಅದೇ ಮನ್ಯಾಗೆ ನಗ್ತಾ ಇವ್ನಿ." ಮೂಗು ಒರೆಸಿಕೊಂಡಳು. "ಫೋಟೋದಾಗೆ ಅವ್ಳ ಪಕ್ಕ ನಿಂತ್ಕಬೇಕಲ್ಲ ಮೇಡಂ."

ಬಯ್ಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಪಕ್ಕ ನಿಲ್ಲಬೇಕಾದ ಸಂಕಟ ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಶನಿವಾರ ಸಂಜೆ ನಾಲ್ಕರಿಂದ ಲೆಕ್ಕ ಹಾಕಿದರೆ ನಲವತ್ತಮೂರು ಗಂಟೆ ಕಳೆದಿತ್ತು. ಇಂಥದ್ದರಲ್ಲಿ ಮೊದಲ ದಿನವೇ ಚಿಕಿತ್ಸೆ ಆಗಬೇಕು, ತಡವಾದಷ್ಟೂ ಚರ್ಮ ಉಳಿಯುವ ಭರವಸೆ ಕಡಿಮೆ. ಅವಳ ಮೇಲ್ದುಟಿಯ ಎಡ ಅರ್ಧ ಮತ್ತು ಮೂಗಿನ ಅಂಚು ಹೋಗುವುದರಲ್ಲಿದ್ದವು. ಅದನ್ನು ಉಳಿಸುವ ಔಷಧಿ ಹಯಲುರಾನಿಡೇಸ್, ಜೆಲ್ಲನ್ನು ಕರಗಿಸುವ ಕಿಣ್ವ. ಅದೃಷ್ಟಕ್ಕೆ ನಮ್ಮದು ಕಣ್ಣಿನ ಆಸ್ಪತ್ರೆ. ಪೊರೆ ತೆಗೆಯುವ ಮುಂಚೆ ಕಣ್ಣಿನ ಸುತ್ತ ಮರಗಟ್ಟಿಸುವ ಔಷಧಿ ಬೇಗ ಹರಡಲೆಂದು ಇದನ್ನೇ ಬೆರೆಸುತ್ತಾರೆ. ಶಬೀನಾ ಓಡಿಹೋಗಿ ಕಣ್ಣಿನ ಥಿಯೇಟರಿನ ಫ್ರಿಜ್ಜಿನಿಂದ 1500 ಯೂನಿಟ್‌ನ ಎರಡು ಸೀಸೆ ತಂದಳು. ಉಳಿದಿದ್ದದ್ದೇ ಎರಡು.

ಆದರೆ ನಾನು ಜನ್ಮದಲ್ಲಿ ತುಟಿಗೆ ಅದನ್ನು ಚುಚ್ಚಿದವಳಲ್ಲ. ಕೈಚೀಲದಿಂದ ಆ ನೋಟ್‌ಬುಕ್ ತೆಗೆದೆ. ತಪ್ಪು ಹುಡುಕಲು ಬರೆದಿಟ್ಟಿದ್ದ ಎಡಪುಟದಲ್ಲಿ ನನ್ನದೇ ಅಕ್ಷರದಲ್ಲಿ ಇತ್ತು: "ತುಟಿ ಬಿಳಿಚಿದರೆ ಐಸ್ ಇಡಬಾರದು. ಬಿಸಿ ಬಟ್ಟೆ. ಕಿಣ್ವ ಹೆಚ್ಚಿನ ಪ್ರಮಾಣದಲ್ಲಿ, ಗಂಟೆಗೊಮ್ಮೆ, ಬಣ್ಣ ತಿರುಗುವ ತನಕ." ಎಷ್ಟು ಯೂನಿಟ್, ಎಲ್ಲೆಲ್ಲಿಗೆ ಎಂಬುದು ಇರಲಿಲ್ಲ. ಅದನ್ನು ವಿಡಿಯೋ ನೋಡುವ ಜನರಿಗೆ ಅವಳು ಯಾಕೆ ಹೇಳುತ್ತಾಳೆ? ಇನ್ನು ಉಳಿದದ್ದು ಒಂದೇ ದಾರಿ. ಆ ನಂಬರನ್ನು ಒತ್ತುವಾಗ ನನ್ನ ಬೆರಳಿಗೆ ಎಷ್ಟು ಭಾರವಾಗಿತ್ತೆಂದರೆ, ಅಷ್ಟು ಹೊತ್ತಿನಲ್ಲಿ ಅರ್ಧ ಸೀಸೆ ಕಲಸಬಹುದಿತ್ತು.

ಸಹನಾ ಮೊದಲನೇ ರಿಂಗಿಗೇ ಎತ್ತಿದಳು. ಪೂರ್ತಿ ಕೇಳಿಸಿಕೊಂಡು, ಒಂದೇ ಪ್ರಶ್ನೆ ಕೇಳಿದಳು. "ಮೇಡಂ, ಒತ್ತಿ, ಬಿಟ್ಟು, ಎಣಿಸಿದ್ರಾ?"

ಅದು ನನ್ನ ಮಾತು. ಬೆರಳಿನಿಂದ ಚರ್ಮವನ್ನು ಐದು ಸೆಕೆಂಡು ಒತ್ತಬೇಕು, ಬಿಡಬೇಕು, ಬಣ್ಣ ಮರಳಲು ಎಷ್ಟು ಹೊತ್ತಾಗುತ್ತದೆ ಎಂದು ಎಣಿಸಬೇಕು. ಎರಡು ಮೂರರೊಳಗೆ ಬಂದರೆ ರಕ್ತ ಹರಿಯುತ್ತಿದೆ ಎಂದರ್ಥ. ಗ್ರಾಮೀಣ ಸೇವೆಯ ವರ್ಷ ನಾನು ಅವಳ ಬೆನ್ನ ಹಿಂದೆ ನಿಂತು ಒತ್ತು, ಬಿಡು, ಎಣಿಸು ಎಂದು ಗದರಿಸಿ ಗದರಿಸಿ ಕಲಿಸಿದ್ದೆ. ಇವತ್ತು ಅವಳು ನೆನಪಿಟ್ಟುಕೊಂಡಿದ್ದಾಳೆ, ನಾನು ಮರೆತಿದ್ದೇನೆ. ಎಣಿಸಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. "ಮೇಲೆ ಮಣ್ಣು ಮೆತ್ತಿದ್ದಾರೆ" ಎಂದೆ.

"ತೊಳೆಸಿ ಮೇಡಂ. ನಾನು ಈಗಲೇ ಹೊರಡ್ತೀನಿ. ನನ್ನ ಹತ್ರ ಆರು ಸೀಸೆ ಇದೆ. ಹಾಕಿದ್ದು ಯಾವ ಜೆಲ್ ಅಂತ ಗೊತ್ತಾ? ಹಯಲುರಾನಿಕ್ ಅಲ್ದೆ ಬೇರೆ ಏನಾದ್ರೂ ಆಗಿದ್ರೆ ಈ ಕಿಣ್ವ ಏನೂ ಮಾಡಲ್ಲ."

ಅನಿತಾಳಿಂದ ಪಾರ್ಲರಿಗೆ ಫೋನ್ ಮಾಡಿಸಿದೆ. ಪಾರ್ಲರಿನವಳು ಫೋನ್ ಆಫ್ ಮಾಡಿಕೊಂಡಿದ್ದಳು. ಅನಿತಾ ಹೆದರುತ್ತ ತನ್ನ ಫೋನು ತೆಗೆದಳು. "ಡಬ್ಬಿ ಮೇಲಿನ ಸ್ಟಿಕ್ಕರ್ ಫೋಟೋ ಹೊಡ್ಕಂಡಿವ್ನಿ. ನಮ್ ಕೆಲ್ಸದಾಗೆ ಪ್ಯಾನಲ್ ಬಿಚ್ಚೋ ಮುಂಚೆ ನಂಬರ್ ಫೋಟೋ ತೆಗೀದಿದ್ರೆ ಸೂಪರ್‌ವೈಸರ್ ಬಯ್ತಾನೆ. ಅದೇ ಅಭ್ಯಾಸ." ಫೋಟೋದಲ್ಲಿ ಜೆಲ್ಲಿನ ಹೆಸರು, ಬ್ಯಾಚ್ ನಂಬರು ಎಲ್ಲ ಸ್ಪಷ್ಟವಾಗಿತ್ತು. ಹಯಲುರಾನಿಕ್ ಆಸಿಡ್ಡೇ. ಆ ಸ್ಟಿಕ್ಕರನ್ನು ನೋಡಿ ನಾನು ಬಿಟ್ಟ ಉಸಿರು ಹೊರಗಿನ ಬೆಂಚಿಗೂ ಕೇಳಿಸಿರಬೇಕು.

ತೊಳೆಯಲು ಗಂಗಮ್ಮ ಒಪ್ಪಲಿಲ್ಲ. ಒಳಗೆ ಕರೆದು, ಇದು ಸರ್ಪಸುತ್ತಲ್ಲ ಎಂದು ಹೇಳಿದೆ. ರಕ್ತನಾಳ ಕಟ್ಟಿದೆ ಎಂದು ಹೇಳಿದೆ. ಕೊನೆಗೆ ದನಿ ಎತ್ತರಿಸಿದೆ. ಅವರು ಸೊಸೆಯ ಮುಂದೆ ಅಡ್ಡ ನಿಂತರು. "ಮೂರು ದಿನ ಆಗ್ದಲೆ ನೀರು ಮುಟ್ಟಿಸ್ಬಾರ್ದು ಮೇಡಮ್ಮ. ಹಾವು ತಲೆ ಬಾಲ ಕೂಡಿಕಂಡ್ರೆ ಯಾರು ಜವಾಬ್ದಾರಿ? ನೀನಾ? ಅಯ್ಯೋ ದೇವುಡಾ, ನನ್ ಕೈಯಾಗಿನ ವಿದ್ಯೆ ನಂಗೊತ್ತಿಲ್ವಾ?"

ಸಹನಾ ಇನ್ನೂ ಫೋನಿನಲ್ಲಿದ್ದಳು. "ಸ್ಪೀಕರ್ ಹಾಕಿ ಮೇಡಂ" ಎಂದಳು. "ಅಮ್ಮಾ, ಒಂದು ಮಾತು. ನೀವು ಸರಿಯಾದ ಜಾಗಕ್ಕೇ ಹಾಕಿದ್ದೀರಿ. ನಿಮ್ಮ ಕಣ್ಣು ಚೆನ್ನಾಗಿದೆ. ಈಗ ಅದು ಎಲ್ಲೀ ತನಕ ಏರಿದೆ ಅಂತ ನಾವೂ ನೋಡಬೇಕಲ್ಲ? ನಮ್ಮ ಕೈಲಿ ಬೇಡ. ಹಾಕಿದ ಕೈಯಿಂದ ನೀವೇ ತೊಳೀರಿ."

ಗಂಗಮ್ಮ ಫೋನಿನ ಕಡೆ ನೋಡಿದರು, ಸೊಸೆಯ ಕಡೆ ನೋಡಿದರು. "ಅಂಗಂದ್ರೆ ಸರಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಉಗುರುಬೆಚ್ಚಗಿನ ನೀರಿಗೆ ಕೈ ಅದ್ದಿದರು. ಮೂವತ್ತು ವರ್ಷ ಈ ಜನರ ನಡುವೆ ಕೆಲಸ ಮಾಡಿದವಳು ನಾನು. ಶಿರಾದಲ್ಲಿ ಕೂತವಳು ಅರ್ಧ ನಿಮಿಷದಲ್ಲಿ ಒಪ್ಪಿಸಿದಳು. ಹೊಟ್ಟೆಯಲ್ಲಿ ಮತ್ತೆ ಬೆಂಕಿ ಬಿತ್ತು, ಅದೂ ಆ ಹೊತ್ತಿನಲ್ಲಿ.

ಮಣ್ಣು ಹೋದ ಮೇಲೆ ನೋಡಿದೆ. ತುಟಿಯ ಎಡ ಅರ್ಧ ಬೂದಿ ಮಿಶ್ರಿತ ನೀಲಿ, ಬಲೆಯಂಥ ಗೆರೆಗಳು ಮೂಗಿನ ಹೊಳ್ಳೆಗೆ ಏರಿದ್ದವು, ನಾಲ್ಕೈದು ಸಣ್ಣ ಕೀವುಗುಳ್ಳೆ. ಒತ್ತಿದೆ, ಬಿಟ್ಟೆ, ಎಣಿಸಿದೆ. ಒಂದು, ಎರಡು, ಮೂರು. ಬೆರಳಿನ ಗುರುತು ಬಿಳಿಯಾಗಿ ಅಲ್ಲೇ ಇತ್ತು. ಏಳಕ್ಕೆ ನಿಧಾನವಾಗಿ ಮಸುಕು ಬಣ್ಣ ಮರಳಿತು. ಸಾಯುತ್ತಿತ್ತು, ಸತ್ತಿರಲಿಲ್ಲ.

ಈ ಕಿಣ್ವದಿಂದ ಕೆಲವರಿಗೆ ಅಲರ್ಜಿಯಾಗುತ್ತದೆ. ಜೇನುಹುಳದ ವಿಷದಲ್ಲೂ ಇಂಥದೇ ಕಿಣ್ವ ಇರುವುದರಿಂದ, ಜೇನು ಕಚ್ಚಿದಾಗ ಏನಾಗಿತ್ತು ಎಂದು ಕೇಳಬೇಕು. ಅನಿತಾಳ ತವರು ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ. ಚಿಕ್ಕವಳಿದ್ದಾಗ ಬೆಟ್ಟದಲ್ಲಿ ಹೆಜ್ಜೇನು ಅಟ್ಟಿಸಿಕೊಂಡು ಬಂದು ಕಚ್ಚಿತ್ತು, ನೋವು ಬಿಟ್ಟರೆ ಬೇರೇನೂ ಆಗಿರಲಿಲ್ಲ ಎಂದಳು. ಆದರೂ ಅಲರ್ಜಿ ಕೆರಳಿದರೆ ಕೊಡಲು ಅಡ್ರಿನಲಿನ್ ಸೂಜಿ ಸಿದ್ಧವಾಗಿಟ್ಟು, ರಕ್ತ ಹೆಪ್ಪುಗಟ್ಟದಿರಲೆಂದು ಆಸ್ಪಿರಿನ್ ಮಾತ್ರೆ ಕೊಟ್ಟು, ಹನ್ನೊಂದೂವರೆಗೆ ಮೊದಲ ಸೀಸೆ ಚುಚ್ಚಿದೆ. ಕಾರಿನಲ್ಲಿ ಬರುತ್ತಿದ್ದ ಸಹನಾ ಫೋನಿನಲ್ಲಿ ದಾರಿ ಹೇಳುತ್ತಿದ್ದಳು. "ಬಣ್ಣ ಕೆಟ್ಟಿರೋದು ಎಲ್ಲಿಂದ ಎಲ್ಲೀವರೆಗೆ ಇದೆಯೋ ಅಷ್ಟಕ್ಕೂ ಮೇಡಂ. ಗೆರೆ ಹೋದ ದಾರಿಯಲ್ಲೇ ಹೋಗಿ. ಉಜ್ಜಿ. ಇನ್ನೂ ಗಟ್ಟಿಯಾಗಿ ಉಜ್ಜಿ." ಅವಳು ಹೇಳಿದಂತೆ ಮಾಡಿದೆ. ಹನ್ನೆರಡೂವರೆಗೆ ಎರಡನೇ ಸೀಸೆ. ಎಣಿಕೆ ಏಳರಿಂದ ಆರಕ್ಕೆ ಇಳಿಯಿತು, ಅಷ್ಟೇ. ಖಾಲಿ ಸೀಸೆ ನೋಡುತ್ತ ಕೂತೆವು.

ಒಂದಕ್ಕೆ ಹತ್ತು ನಿಮಿಷವಿರುವಾಗ ಸಹನಾ ಸೀಸೆಗಳಿದ್ದ ಐಸ್ ಡಬ್ಬಿ ಹಿಡಿದು ಒಳಗೆ ಬಂದಳು. ಗಂಗಮ್ಮ ಎದ್ದು ನಿಂತು, "ಅಬ್ಬ, ಡಾಕ್ಟ್ರಮ್ಮ ಬಂದ್ರು ಬುಡು" ಎಂದರು. ಒಂದು ಗಂಟೆಗೂ ಹೆಚ್ಚು ಹೊತ್ತಿನಿಂದ ಅವರ ಸೊಸೆಯ ತುಟಿ ಉಜ್ಜಿ ಉಜ್ಜಿ ನನ್ನ ಹೆಬ್ಬೆರಳು ಮರಗಟ್ಟಿತ್ತು. ನಾನು ಯಾರಮ್ಮ ಹಾಗಾದರೆ ಎಂದು ಕೇಳಬೇಕೆನಿಸಿತು.

ಸಹನಾ ನನ್ನ ಪಕ್ಕ ಕೂತಳು. ಗಂಟೆಗೊಮ್ಮೆ ಅವಳು ಚುಚ್ಚುವುದು, ನಾನು ಬಿಸಿ ಬಟ್ಟೆಯಿಟ್ಟು ಉಜ್ಜುವುದು, ಒತ್ತಿ ಬಿಟ್ಟು ಎಣಿಸುವುದು. ಒಂದೂವರೆಯ ಸೂಜಿಯ ನಂತರ ಐದು. ಎರಡೂವರೆಯ ನಂತರ ನಾಲ್ಕು. ಡೋಸು, ಹೊತ್ತು, ಎಣಿಕೆಗಳನ್ನು ಬರೆದಿಡಲು ಅವಳು ಮೇಜಿನ ಮೇಲಿದ್ದ ಯಾವುದೋ ಹಾಳೆ ಎಳೆದುಕೊಂಡು ಬರೆಯುತ್ತ ಹೋದಳು. ಮೂರೂವರೆಗೆ ಐದನೇ ಸೀಸೆ. ನಾಲ್ಕು ಗಂಟೆಗೆ ನಾನು ಒತ್ತಿ ಬಿಟ್ಟೆ. ಎರಡು ಎನ್ನುವಷ್ಟರಲ್ಲಿ ತುಟಿಯ ಮೇಲೆ ಕೆಂಪು ಓಡಿಬಂತು. ಸರಿಯಾಗಿ ಕಂಡೆನೇ ಎಂದು ಇನ್ನೊಮ್ಮೆ ಒತ್ತಿದೆ. ಎರಡು. ಶಬೀನಾ "ಯಾ ಅಲ್ಲಾ" ಎಂದು ಕುರ್ಚಿಗೆ ಕುಸಿದಳು. ಅನಿತಾ ಮೊದಲ ಸಲ ನೋವು ಕಡಿಮೆ ಎಂದಳು.

ಗಂಗಮ್ಮನಿಗೆ ಇಷ್ಟು ಹೊತ್ತಿಗೆ ಎಲ್ಲ ತಿಳಿದಿತ್ತು, ಅನಿತಾಳೇ ಹೇಳಿದ್ದಳು. ಆಮೇಲೆ ಸೊಸೆಯ ಗಲ್ಲ ಹಿಡಿದೆತ್ತಿ ನೋಡಿದರು. "ಚಿಕ್ಕೋಳ್ನ ಹೊಗಳಿದ್ದು ಹೊಸದಾಗಿ ಬಂದವ್ಳೆ ಅಂತ ಕಣೇ. ನೀನು ಮನೆಯವ್ಳು. ಮನೆಯವ್ರನ್ನ ಯಾರಾನ ಹೊಗಳ್ತಾರಾ?" ಅನಿತಾ ಮತ್ತೆ ಅತ್ತಳು. ತುಟಿ ಅಲುಗಿಸಬೇಡ ಎಂದು ನಾನು ಗದರಿಸಿದೆ.

ಗುರುವಾರದ ಸೀಮಂತಕ್ಕೆ ಅವಳು ಊದಿದ, ಕಂದುಗಟ್ಟಿದ ತುಟಿಯಲ್ಲೇ ಹೋದಳು. ಮೂರು ವಾರದ ನಂತರ ತೋರಿಸಲು ಬಂದಾಗ ಮೂಗಿನ ಅಂಚಿನಲ್ಲಿ ಎಳ್ಳುಕಾಳಿನಷ್ಟು ಕಲೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಆ ದಿನ ಸಹನಾಳೂ ಬಂದಿದ್ದಳು.

ಆಮೇಲೆ ನನ್ನನ್ನು ಎಷ್ಟೋ ಹೆಣ್ಣುಮಕ್ಕಳು ಕೇಳಿದ್ದಾರೆ. ಮೇಡಂ, ತುಟಿಗೆ ಫಿಲ್ಲರ್ ಹಾಕಿಸಿಕೊಳ್ಳಬಹುದಾ? ಹಾಕಿಸಿಕೊಳ್ಳಿ, ನಿಮ್ಮ ತುಟಿ, ನಿಮ್ಮ ಇಷ್ಟ ಎನ್ನುತ್ತೇನೆ. ಆದರೆ ಸೂಜಿ ಹಿಡಿಯುವವರು ಡಾಕ್ಟರಾ, ಇದನ್ನೇ ಕಲಿತವರಾ ಎಂದು ಕೇಳಿ. ಹೆಚ್ಚುಕಮ್ಮಿಯಾದರೆ ಕರಗಿಸುವ ಔಷಧಿ ಇಲ್ಲೇ ಇದೆಯಾ ಎಂದು ಕೇಳಿ, ಫ್ರಿಜ್ ತೆರೆದು ತೋರಿಸಲು ಹೇಳಿದರೂ ತಪ್ಪಿಲ್ಲ. ಡಬ್ಬಿಯನ್ನು ನಿಮ್ಮೆದುರೇ ಒಡೆಯಬೇಕು, ಅದರ ಸ್ಟಿಕ್ಕರ್ ನಿಮ್ಮ ಬಳಿ ಇರಬೇಕು. ಗರ್ಭಿಣಿಯರು, ಹಾಲೂಡಿಸುವವರು, ತುಟಿಯಲ್ಲಿ ಹುಣ್ಣಿರುವವರು ಕಾಯಲಿ. ಪದೇ ಪದೇ ಜ್ವರದ ಗುಳ್ಳೆ ಏಳುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಬಾಯಿಬಿಟ್ಟು ಹೇಳಲಿ. ಮದುವೆ ಸೀಮಂತಗಳ ಹಿಂದಿನ ವಾರ ಯಾರೂ ಹಾಕಿಸಿಕೊಳ್ಳುವುದು ಬೇಡ. ಹಾಕಿಸಿಕೊಂಡ ಮೇಲೆ ತುಟಿ ಬಿಳಿಚಿ ವಿಪರೀತ ನೋವಾದರೆ ಐಸನ್ನಾಗಲಿ ಮಣ್ಣನ್ನಾಗಲಿ ನೆಚ್ಚಿ ಕೂರಬೇಡಿ, ಆ ಗಳಿಗೆಯೇ ಓಡಿ. ಬೇಡ ಎಂದು ಬರೆದುಕೊಟ್ಟ ಡಾಕ್ಟರನ್ನು ಬಿಟ್ಟು ಹೂಂ ಎನ್ನುವವರನ್ನು ಹುಡುಕಿಕೊಂಡು ಹೋಗಬೇಡಿ. ಇವುಗಳಲ್ಲಿ ಅರ್ಧದಷ್ಟು ಮಾತು ಸಹನಾಳ ವಿಡಿಯೋದ್ದು. ಈಗ ಅವಳ ಹೆಸರು ಹೇಳಿಯೇ ಹೇಳುತ್ತೇನೆ, ಸ್ವಲ್ಪ ಸಣ್ಣ ದನಿಯಲ್ಲಿ.

ಆ ಮೂರನೇ ವಾರ ಅನಿತಾ ಹೊರಟ ಮೇಲೆ ನಾವಿಬ್ಬರೇ ಉಳಿದೆವು. ನನಗೆ ತಡೆಯಲಾಗಲಿಲ್ಲ. "ಸಹನಾ, ಅವತ್ತು ನಾನು ನಿನ್ನ ಮೇಲೆ ದೂರು ಬರೀತಾ ಕೂತಿದ್ದೆ. ಇಪ್ಪತ್ತು ನಿಮಿಷ. ರೋಗಿಯನ್ನ ಹೊರಗೆ ಕೂರಿಸಿ."

ಅವಳು ಚಹಾ ಲೋಟ ಕೆಳಗಿಟ್ಟಳು. "ಗೊತ್ತು ಮೇಡಂ. ಅದರ ಹಿಂದೆನೇ ಅಲ್ವಾ ನಾನು ಡೋಸ್ ಬರೆದಿದ್ದು."

ಕೇಸ್ ಶೀಟ್ ತೆಗೆದು ನೋಡಿದೆ. ಒಂದು ಮಗ್ಗುಲಿಗೆ ಅವಳ ಮುತ್ತಿನ ಅಕ್ಷರ, ಐದು ಸೀಸೆ, ಐದು ಹೊತ್ತು, ಏಳರಿಂದ ಎರಡಕ್ಕೆ ಇಳಿದ ಎಣಿಕೆ. ಹಾಳೆ ತಿರುಗಿಸಿದರೆ ನನ್ನ ದೂರು. ಒಂದೂವರೆಗೇ ಅವಳು ಅದನ್ನು ಓದಿದ್ದಳು. ಓದಿ, ಮಗುಚಿ ಹಾಕಿ, ನಾಲ್ಕು ಗಂಟೆಯ ತನಕ ನನ್ನ ಪಕ್ಕದಲ್ಲೇ ಕೂತು ಮೇಡಂ ಮೇಡಂ ಎನ್ನುತ್ತ ಕೆಲಸ ಮಾಡಿದ್ದಳು.

ಅವಳ ಕ್ಲಿನಿಕ್ಕಿಗೆ, ಕಾರಿಗೆ, ಕೈಬರಹಕ್ಕೆ ನಾನು ಪಟ್ಟ ಹೊಟ್ಟೆಕಿಚ್ಚೆಲ್ಲ ಒಂದು ತೂಕ. ಆ ಸಂಜೆ ಪಟ್ಟದ್ದೇ ಬೇರೆ. ಅವಳ ಜಾಗದಲ್ಲಿ ನಾನಿದ್ದರೆ ಆ ಹಾಳೆಯನ್ನು ಮಗುಚುತ್ತಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಉರಿ ಇವತ್ತಿಗೂ ಆರಿಲ್ಲ. ಆದರೆ ಈಗ ಯಾರಾದರೂ ಚೀಟಿ ಹಿಡಿದು ಬಂದರೆ ಮೊದಲು ರೋಗಿಯ ಮೇಲೆ ಬೆರಳಿಡುತ್ತೇನೆ, ಎಣಿಸುತ್ತೇನೆ. ಆಮೇಲೆ ಚೀಟಿಯನ್ನು ಕೊನೆಯ ಸಾಲಿನ ತನಕ ಓದುತ್ತೇನೆ. ಮೇಲೆ ಯಾರ ಹೆಸರಿದೆ ಎಂದು ಎಲ್ಲ ಮುಗಿದ ಮೇಲೆ ನೋಡುತ್ತೇನೆ.